ಗಿಳಿಯ ಸುದ್ದಿ

ಈ ಬೇಸಗೆಯ ರಜೆಯಲ್ಲಿ ನಮ್ಮ ಸಂಘವು ಹತ್ತು ದಿನ ನಡೆಯಿಸಿದ ಮಕ್ಕಳ ಶಿಬಿರದ ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಒಂದು ವರದಿ ಎಂಬುದು ನಮಗೆ ತಿಳಿಯದೆ ಇಲ್ಲ. ಉದ್ಘಾಟಕರು ಯಾರು, ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಯಾರು, ಸಮಾರೋಪದ ನಾಟಕಕ್ಕೆ ಎಷ್ಟು ಜನ ನೆರೆದಿದ್ದರು ಎಂಬುದನ್ನೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ವಾಚಕರು ಓದಿಕೊಳ್ಳಬಹುದು. ನಾವು ಬರೆಯಹೊರಟಿರುವುದು ವಿಮರ್ಶೆಯನ್ನು. ನಾಟಕವನ್ನು ಆರಿಸಿದವರೂ ಕಲಿಸಿದವರೂ ನಾವೇ. ಶಿಬಿರದ ದಿನಚರಿಯನ್ನು ಬರೆದು ಗೋಡೆಗೆ ಅಂಟಿಸಿದವರೂ ನಾವೇ. ಆದಕಾರಣ ಇಲ್ಲಿ ಎತ್ತಿಹೇಳುವ ದೋಷಗಳಲ್ಲಿ ಹೆಚ್ಚಿನವು ನಮ್ಮ ಪಾಲಿನವೇ ಎಂದು ಮೊದಲಿಗೇ ಒಪ್ಪಿಕೊಂಡು ಮುಂದುವರಿಯುತ್ತೇವೆ.

ಆಡಿದ ನಾಟಕ ಬಿ. ವಿ. ಕಾರಂತರ ‘ಪಂಜರಶಾಲೆ’. ರವೀಂದ್ರನಾಥ ಠಾಕೂರರು 1918ರಲ್ಲಿ ಬಂಗಾಳಿಯಲ್ಲಿ ಪ್ರಕಟಿಸಿದ ‘ತೋತಾಕಾಹಿನಿ’ ಎಂಬ ಪುಟ್ಟ ಕತೆ ಇದಕ್ಕೆ ಆಧಾರ. ಮಕ್ಕಳ ಶಿಬಿರಗಳಲ್ಲಿ ಈ ನಾಟಕ ಮೆಚ್ಚಿನದಾದುದು ಅಕಾರಣವಲ್ಲ. ಹಾಡುಂಟು, ಕುಣಿತವುಂಟು, ಹತ್ತಾರು ಮಕ್ಕಳಿಗೆ ಏಕಕಾಲದಲ್ಲಿ ರಂಗದ ಮೇಲೆ ಕೆಲಸವುಂಟು. ಬಂಟ್ವಾಳದ ಬಳಿಯ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಕಾರಂತರು ತಾವೇ ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ವಹಿಸಿದವರು, ಎಳೆಯರ ಕಾಲು ಯಾವ ತಾಳಕ್ಕೆ ತಾನಾಗಿ ಎದ್ದೀತೆಂದು ಬಲ್ಲವರು. ನಾಟಕದಲ್ಲಿ ಕೊರತೆಯಿದೆಯೆಂದು ನಾವು ಹೇಳುತ್ತಿಲ್ಲ. ಕೊರತೆ ಎಲ್ಲಿತ್ತೆಂಬುದನ್ನು ಹೇಳಲು ಮೂಲಕತೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳುವುದು ಅವಶ್ಯ.

ಒಂದು ಮೂರ್ಖ ಹಕ್ಕಿ. ಹಾಡುತ್ತಿತ್ತು, ಹಾರುತ್ತಿತ್ತು, ಶಾಸ್ತ್ರವನ್ನು ಮಾತ್ರ ಓದುತ್ತಿರಲಿಲ್ಲ. ಅರಸನು ಅದಕ್ಕೆ ವಿದ್ಯೆ ಕಲಿಸುವ ಭಾರವನ್ನು ತನ್ನ ಸೋದರಳಿಯಂದಿರಿಗೆ ಒಪ್ಪಿಸುತ್ತಾನೆ. (ಅಳಿಯಸಂತಾನದ ನಾಡಿನವರಾದ ನಮಗೆ ಇಲ್ಲಿ ಸಣ್ಣದೊಂದು ನಗೆ ಬಾರದಿರದು.) ಅಕ್ಕಸಾಲಿಗನು ಬಂಗಾರದ ಪಂಜರವನ್ನು ಮಾಡುತ್ತಾನೆ. ಪಂಡಿತರು ನಶ್ಯವೇರಿಸುತ್ತ ಆಲೋಚಿಸುತ್ತಾರೆ. ಲಿಪಿಕಾರರು ಗ್ರಂಥಗಳ ಪ್ರತಿಗಳನ್ನೂ ಪ್ರತಿಗಳ ಪ್ರತಿಗಳನ್ನೂ ಮಾಡಿ ಬೆಟ್ಟದಂತೆ ಒಟ್ಟುತ್ತಾರೆ. ನೋಡಲು ಬಂದವರೆಲ್ಲ ಪಂಜರವನ್ನು ಕೊಂಡಾಡುತ್ತಾರೆ. ಊರಿನ ನಿಂದಕರು ಮಾತ್ರ, ಪಂಜರವೇನೋ ಬೆಳೆಯುತ್ತಿದೆ, ಹಕ್ಕಿಯ ಸುದ್ದಿಯೇ ಇಲ್ಲವಲ್ಲ ಎನ್ನುತ್ತಾರೆ. ಅರಸನು ವಿಚಾರಿಸಿದರೆ, ಆ ನಿಂದಕರಿಗೆ ಉಣ್ಣಲು ಸಿಕ್ಕುವುದಿಲ್ಲ, ಅದಕ್ಕೇ ಆಡಿಕೊಳ್ಳುತ್ತಾರೆ ಎಂಬುದು ಅಳಿಯನ ಸಮಾಧಾನ. ಒಂದು ದಿನ ಅರಸನು ಸ್ವತಃ ಬಂದು, ಶಂಖ ಜಾಗಟೆಗಳ ಸ್ವಾಗತದಿಂದ ಸಂತೋಷಗೊಂಡು, ಹಿಂತಿರುಗುವ ಹೊತ್ತಿನಲ್ಲಿ, ಪೊದೆಯೊಳಗೆ ಅಡಗಿದ್ದ ನಿಂದಕನೊಬ್ಬ ಹಕ್ಕಿಯನ್ನು ನೋಡಿದಿರಾ ಎಂದು ಕೇಳುತ್ತಾನೆ. ಅರಸನಿಗೆ ಅದು ಮರೆತೇಹೋಗಿತ್ತು! ಕೊನೆಗೆ ಹಕ್ಕಿ ಸಾಯುತ್ತದೆ. ಅದರ ಶಿಕ್ಷಣ ಪೂರ್ತಿಯಾಯಿತೆಂದು ಅಳಿಯಂದಿರು ಅರಿಕೆ ಮಾಡುತ್ತಾರೆ. ಅರಸನು ಬೆರಳಿನಿಂದ ಒತ್ತಿ ನೋಡಿದರೆ ಹೊಟ್ಟೆಯೊಳಗೆ ಒಣಹಾಳೆಗಳ ಸದ್ದು.

ಈ ಕತೆಯ ಹಿರಿಮೆ ಶಾಲೆಯನ್ನು ಹಳಿದುದರಲ್ಲಿ ಇಲ್ಲವೆಂದು ನಮ್ಮ ಎಣಿಕೆ. ಶಾಲೆಯನ್ನು ಹಳಿಯುವುದು ಸುಲಭ. ಉಪಾಧ್ಯಾಯರಾದ ನಾವೇ ದಿನಕ್ಕೊಮ್ಮೆ ಹಳಿಯುತ್ತೇವೆ. ಕತೆಯ ಉದ್ದಕ್ಕೂ ಪ್ರತಿಯೊಬ್ಬನೂ ಹಕ್ಕಿಯ ಹಿತಕ್ಕಾಗಿಯೇ ದುಡಿಯುತ್ತಾನೆ, ಆದರೆ ಯಾರೊಬ್ಬನೂ ಹಕ್ಕಿಯ ಕಡೆಗೆ ನೋಡುವುದಿಲ್ಲ. ಕತೆಯ ಮರ್ಮ ಇರುವುದು ಇಲ್ಲಿ. ಪಂಜರವು ಶಾಲೆಯ ಕಟ್ಟಡವೇ ಆಗಬೇಕೆಂದಿಲ್ಲ. ರಜೆಯಲ್ಲಿ, ಮಾವಿನಮರದಡಿಯಲ್ಲಿ, ಬಣ್ಣದ ಕಾಗದದ ತೋರಣದ ಕೆಳಗೂ ಅದನ್ನು ಕಟ್ಟಬಹುದು. ನಾವು ಕಟ್ಟಿದೆವು.

ಹತ್ತು ದಿನಗಳಲ್ಲಿ ಎಂಟು ದಿನ ನಾಟಕದ ಅಭ್ಯಾಸ ನಡೆಯಿತು. ಮೊದಲ ಎರಡು ದಿನ ನಗೆಯಿತ್ತು. ಮೂರನೆಯ ದಿನದಿಂದ ಸಮಾರೋಪದ ಭೂತ ನಮ್ಮ ಹೆಗಲೇರಿತು. ಅಲ್ಲಿ ನಿಲ್ಲು, ಇಲ್ಲಿಗೆ ಬಾ, ಗಟ್ಟಿಯಾಗಿ ಹೇಳು, ಇನ್ನೊಮ್ಮೆ ಹೇಳು. ತಮ್ಮ ಪಾತ್ರವಿಲ್ಲದ ಹೊತ್ತಿನಲ್ಲಿ ಮಕ್ಕಳು ಜಗಲಿಯ ಅಂಚಿನಲ್ಲಿ ಕೈಕಟ್ಟಿ ಕುಳಿತರು, ಶಾಲೆಯಲ್ಲಿ ಕುಳಿತಂತೆಯೇ. ಕಂಠಪಾಠವನ್ನು ಗೇಲಿಮಾಡುವ ನಾಟಕವನ್ನು ನಾವು ಕಂಠಪಾಠ ಮಾಡಿಸಿದೆವು! ಪಂಡಿತನ ಪಾತ್ರದ ಹುಡುಗ ಪ್ರದರ್ಶನದ ರಾತ್ರಿ ಮಾತು ಮರೆತು ನಿಂತಾಗ, ಪರದೆಯ ಹಿಂದಿನಿಂದ ಇಡಿಯ ವಾಕ್ಯವನ್ನು ನಾವೇ ಹೇಳಿಕೊಟ್ಟೆವು. ಅದು ಧ್ವನಿವರ್ಧಕದಲ್ಲಿಯೂ ಕೇಳಿಸಿ ಸಭೆ ನಕ್ಕಿತು. ಚಪ್ಪಾಳೆಗೇನೂ ಕಡಮೆಯಾಗಲಿಲ್ಲ. ಅಧ್ಯಕ್ಷರು ಮಕ್ಕಳ ಅಭಿನಯವನ್ನು ಹೊಗಳಿದರು, ತಂದೆತಾಯಿಗಳು ಚಿತ್ರ ಹಿಡಿದರು.

ಬಣ್ಣ ಅಳಿಸುತ್ತಿದ್ದಾಗ ಎರಡನೆಯ ತರಗತಿಯ ಒಂದು ಮಗು, ಪಂಜರ ಹೊರುವ ಆಳುಗಳಲ್ಲಿ ಒಬ್ಬಳಾಗಿದ್ದವಳು, ನಮ್ಮ ಬಳಿಗೆ ಬಂದು, “ಮಾಷ್ಟ್ರೇ, ಗಿಳಿ ಸತ್ತದ್ದು ಯಾಕೆ?” ಎಂದು ಕೇಳಿದಳು.

ಎಂಟು ದಿನ ಆ ಗಿಳಿ ಅವಳ ಕಣ್ಣೆದುರಿನಲ್ಲಿ ಸತ್ತಿತ್ತು, ದಿನಕ್ಕೆ ಎರಡು ಮೂರು ಸಲ. ಕೇಳಲು ಎಡೆಯಿದ್ದುದು ನಾಟಕ ಮುಗಿದ ಮೇಲೆ ಮಾತ್ರ. ಬಸ್ಸಿಗೆ ಹೊತ್ತಾಯಿತೆಂದು ತಾಯಿ ಕರೆದಳು, ಮಗು ಹೋಯಿತು. ಉತ್ತರ ನಮ್ಮ ಬಾಯಿಯಲ್ಲಿಯೇ ಉಳಿಯಿತು.

ಇಷ್ಟಕ್ಕೇ ಶಿಬಿರವೆಲ್ಲ ವ್ಯರ್ಥವೆಂದರೆ ಅದು ಇನ್ನೊಂದು ಬಗೆಯ ಸುಳ್ಳಾದೀತು. ನಾಲ್ಕನೆಯ ದಿನ ಮಧ್ಯಾಹ್ನ ನಡೆದುದನ್ನು ಹೇಳಬೇಕು. ಊಟದ ಅನಂತರ ಅರ್ಧ ಗಂಟೆ ಏನೂ ಇರಲಿಲ್ಲ. ದಿನಚರಿಯಲ್ಲಿ ಅದಕ್ಕೆ ‘ವಿಶ್ರಾಂತಿ’ ಎಂದು ಹೆಸರಿಟ್ಟಿದ್ದೆವು. ಅಡುಗೆಗೆ ನೆರವಾಗಲು ಬಂದಿದ್ದ ಹಿರಿಯ ಹೆಂಗಸೊಬ್ಬರು ತಮ್ಮ ಮನೆಯ ಅಟ್ಟದಲ್ಲಿದ್ದ ಚೆನ್ನೆಮಣೆಯೊಂದನ್ನು ತಂದಿದ್ದರು. ಕೊಡುವುದಕ್ಕಲ್ಲ, ಸುಮ್ಮನೆ ತೋರಿಸುವುದಕ್ಕೆ. ಆಟಿ ತಿಂಗಳ ಮಳೆಯಲ್ಲಿ ಆಡುವ ಆಟವನ್ನು ಈ ಬಿಸಿಲಲ್ಲಿ ಆಡುವುದುಂಟೇ ಎಂದು ಗೊಣಗುತ್ತಲೇ ಕಾಳುಗಳನ್ನು ಹರಡಿದರು.

ಹೊಸ ಕಾಲದ ವಾಚಕರಿಗಾಗಿ ಹೇಳುವುದಾದರೆ, ಚೆನ್ನೆಮಣೆಯೆಂಬುದು ಬದಿಗೆ ಏಳರಂತೆ 14 ಗುಳಿಗಳನ್ನು ಕೊರೆದ ಮರದ ಮಣೆ. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳು. ಒಂದು ಗುಳಿಯ ಕಾಳುಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೊನೆಯ ಕಾಳು ಬಿದ್ದ ಮೇಲೆ ಎತ್ತುವುದು, ಗೆಲ್ಲುವುದು ಇವುಗಳ ನಿಯಮ ಊರಿಂದೂರಿಗೆ ಸ್ವಲ್ಪ ಬೇರೆ. ಮಂಜೊಟ್ಟಿಯ ಕೆಂಪು ಕಾಳನ್ನು ಕಂಡು ಒಬ್ಬಳು “ಮಂಜಾಡಿ” ಎಂದಳು. ಮನೆಯಲ್ಲಿ ಮಲಯಾಳ ಮಾತಾಡುವ ಮಗು. ಎರಡೂ ಒಂದೇ ಹೌದೋ ಅಲ್ಲವೋ ಎಂಬ ಚರ್ಚೆ ತುಸು ಹೊತ್ತು ನಡೆಯಿತು. ಒಡಹುಟ್ಟಿದವರು ಇದಿರುಬದಿರಾಗಿ ಚೆನ್ನೆ ಆಡಬಾರದೆಂದು ಆ ಹೆಂಗಸು ಇಬ್ಬರು ಅಕ್ಕತಂಗಿಯರನ್ನು ಬೇರ್ಪಡಿಸಿದರು. ಏಕೆಂದು ಮಕ್ಕಳು ಬಿಡದೆ ಕೇಳಲು, ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಹೆಣ್ಣುಮಕ್ಕಳು ಚೆನ್ನೆಯಾಡುತ್ತ ಜಗಳವಾಗಿ ಬಾವಿಪಾಲಾದ ಕತೆಯನ್ನು ಹೇಳಿದರು. ಆ ಕತೆಯನ್ನು ನಮ್ಮ ‘ಜಾನಪದ ಪರಿಚಯ’ದ ಗಂಟೆಯಲ್ಲಿ ಹೇಳಬೇಕೆಂದು ನಾವೂ ಗುರುತು ಹಾಕಿಕೊಂಡಿದ್ದೆವು. ಹೇಳಿದ್ದರೆ ಅಷ್ಟು ಕಿವಿಗೊಟ್ಟು ಕೇಳುತ್ತಿದ್ದರೆಂಬ ನಂಬಿಕೆ ನಮಗಿಲ್ಲ.

ಮೂರನೆಯ ತರಗತಿಯ ಹುಡುಗನೊಬ್ಬನಿದ್ದ. ಭಾಗಾಕಾರದಲ್ಲಿ ‘ಶೇಷ’ವೆಂಬುದು ಏನೆಂದು ವರ್ಷವಿಡೀ ಹೇಳಿದರೂ ಅವನಿಗೆ ಹತ್ತಿರಲಿಲ್ಲ, ಹೇಳಿದವರು ನಾವೇ. ಮಣೆಯ ಮುಂದೆ ಕುಳಿತ ಎರಡನೆಯ ದಿನ ಅವನು, 14 ಕಾಳಿರುವ ಗುಳಿಯಿಂದ ಎತ್ತಿದರೆ ಕೊನೆಯದು ಅದೇ ಗುಳಿಗೆ ಬರುತ್ತದೆಂದು ಕಂಡುಹಿಡಿದ. 17 ಇದ್ದರೆ ಎಂದು ನಾವು ಕೇಳಿದೆವು. ಬೆರಳು ಮಡಚದೆ, ಕಾಳು ಮುಟ್ಟದೆ, ಅಲ್ಲಿಂದ ಮೂರನೆಯ ಗುಳಿಯನ್ನು ತೋರಿಸಿದ. ಹದಿನೇಳರಲ್ಲಿ ಹದಿನಾಲ್ಕು ಹೋಗಿ ಉಳಿದ ಮೂರು! ಇದಕ್ಕೇ ಶೇಷವೆನ್ನುವುದೆಂದು ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಹೇಗೋ ತಡೆದುಕೊಂಡೆವು. ಹತ್ತು ದಿನಗಳಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬಹುದು.

ತಡೆದುಕೊಳ್ಳಲಾರದೆ ಮಾಡಿದ ಕೆಲಸವನ್ನೂ ಹೇಳಿಬಿಡುತ್ತೇವೆ. ಮಕ್ಕಳ ಉತ್ಸಾಹವನ್ನು ಕಂಡು ಹಿಗ್ಗಿ, ಏಳನೆಯ ದಿನ ಹತ್ತು ಗಂಟೆಗೆ ‘ಚೆನ್ನೆಮಣೆ ಸ್ಪರ್ಧೆ’ ಎಂದು ಗೋಡೆಯ ಮೇಲೆ ಬರೆದೆವು. ತೀರ್ಪುಗಾರರು ಬಂದರು, ನಿಯಮಗಳನ್ನು ಓದಲಾಯಿತು, ಬಹುಮಾನವೆಂದು ಉಕ್ಕಿನ ಲೋಟಗಳನ್ನು ಮೇಜಿನ ಮೇಲೆ ಇಡಲಾಯಿತು. ಆ ಹುಡುಗ ಮೊದಲನೆಯ ಸುತ್ತಿನಲ್ಲೇ ಸೋತ. ಅನಂತರದ ಮೂರು ದಿನ ಮಣೆಯ ಹತ್ತಿರ ಅವನೂ ಕುಳಿತುಕೊಳ್ಳಲಿಲ್ಲ, ಇತರರೂ ಕುಳಿತುಕೊಳ್ಳಲಿಲ್ಲ. ಆಟವನ್ನು ಪಾಠ ಮಾಡಲು ನಮಗೆ ಬೇಕಾದುದು ಒಂದೇ ಬೆಳಗು.

ಹೀಗೇಕಾಯಿತೆಂದು ಚಿಂತಿಸುವಾಗ, ಈ ಭಾಗದಲ್ಲಿಯೇ ಈ ದಾರಿಯನ್ನು ತುಳಿದ ಹಿರಿಯರ ನೆನಪಾಗುವುದು ಸಹಜ. ಕಾಸರಗೋಡು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಅವರು ನಮಗೆ ಹೊರಗಿನವರಲ್ಲ. ಪಂಜೆ ಮಂಗೇಶರಾಯರು (1874-1937) ವಿದ್ಯಾ ಇಲಾಖೆಯ ಅಧಿಕಾರಿ. ಶಾಲೆಗಳ ತನಿಖೆ ಮಾಡುವುದು ಅವರ ಉದ್ಯೋಗ. ಆದರೆ ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಅವರು ಬರೆದ ಮಕ್ಕಳ ಹಾಡುಗಳಲ್ಲಿ ತನಿಖೆಯ ನೆರಳೂ ಇಲ್ಲ. ಗಾಳಿ ಬೀಸಿದರೆ ಅದು ಬೀಸುತ್ತದೆ, ಹಾವು ಕಂಡರೆ ಅದು ಹಾವೇ. ಮಗುವಿಗೆ ಏನನ್ನೋ ಕಲಿಸಬೇಕೆಂಬ ಆತುರ ಪದಗಳ ನಡುವೆ ಇಣುಕುವುದಿಲ್ಲ. ಇಂದಿನ ಶಿಬಿರಗೀತೆಗಳನ್ನು ಇವುಗಳ ಬದಿಯಲ್ಲಿಟ್ಟು ನೋಡಿದರೆ ಭೇದ ಕಾಣುತ್ತದೆ. ಮರ ನೆಡಬೇಕು, ನೀರು ಉಳಿಸಬೇಕು, ನಾಡನ್ನು ಪ್ರೀತಿಸಬೇಕು ಎಂದು ಪ್ರತಿ ಚರಣದಲ್ಲಿಯೂ ‘ಬೇಕು’. ಸದುದ್ದೇಶದ ಈ ಹಾಡುಗಳನ್ನು ಮಕ್ಕಳು ಶಿಬಿರದಲ್ಲಿ ಹಾಡುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ಹಾಡುವುದನ್ನು ನಾವು ಕೇಳಿಲ್ಲ.

ಶಿವರಾಮ ಕಾರಂತರ ಸಾಹಸ ಇನ್ನೊಂದು ಬಗೆಯದು. ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಅವರು 1936ರಲ್ಲಿ ಹೊರತಂದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ‘ಬಾಲಪ್ರಪಂಚ’ದ ಕೆಲವು ಸಂಗತಿಗಳು ಇಂದು ಹಳತಾಗಿರುವುದು ಅನಿವಾರ್ಯ. ಹಳತಾಗದೆ ಉಳಿದಿರುವುದು ಅದರ ದನಿ. ತೊದಲದೆ, ಮುದ್ದಿಸದೆ, ಬುದ್ಧಿಯುಳ್ಳ ಒಬ್ಬ ಕಿರಿಯ ಮನುಷ್ಯನೊಡನೆ ಮಾತಾಡುವಂತೆ ಅವರು ಮಗುವಿನೊಡನೆ ಮಾತಾಡುತ್ತಾರೆ. ಆದರೂ ಅದು ಹಿರಿಯನೊಬ್ಬ ಹೇಳಿ ಮಗು ಕೇಳುವ ಪುಸ್ತಕವೇ. ಪ್ರಶ್ನೆ ಮಗುವಿನದೆಂದು ಭಾವಿಸಿಕೊಂಡು ಬರೆದುದು, ಮಗು ಕೇಳಿದ ಪ್ರಶ್ನೆಯಲ್ಲ. ಈ ಮಿತಿಯನ್ನು ಹೇಳುವುದರಿಂದ ಆ ಮಹನೀಯರ ಗೌರವಕ್ಕೆ ಕುಂದಿಲ್ಲವೆಂದು ತಿಳಿದಿದ್ದೇವೆ. ಪುಸ್ತಕದಿಂದಾಗದುದನ್ನು ಅಂಗಳದಲ್ಲಿ ಮಾಡಬಹುದೆಂದು ತೋರಿದ್ದರಿಂದಲೇ ಅಲ್ಲವೆ ಅವರು ಬಾಲವನಕ್ಕೆ ಅಷ್ಟು ಮನಸ್ಸು ಕೊಟ್ಟುದು?

ಆರನೆಯ ದಿನ ಮಕ್ಕಳನ್ನು ಬಸ್ಸಿನಲ್ಲಿ ಆ ಬಾಲವನಕ್ಕೇ ಕರೆದೊಯ್ದಿದ್ದೆವು. ಇಂದು ಅದು ಕಾರಂತರ ಸ್ಮಾರಕ. ಎಲ್ಲರ ಕೈಯಲ್ಲಿಯೂ ನೋಟುಪುಸ್ತಕ, ಅದರಲ್ಲಿ ನಾವು ಮೊದಲೇ ಬರೆಯಿಸಿದ ಪ್ರಶ್ನೆಗಳು: ಜನನ, ಮರಣ, ಜ್ಞಾನಪೀಠ ಪ್ರಶಸ್ತಿಯ ವರ್ಷ. 1902, 1997, 1977 ಎಂದು ಬರೆದುಕೊಂಡರು. ಒಬ್ಬನದನ್ನು ನೋಡಿ ಇನ್ನೊಬ್ಬ ಬರೆದ. ಹೊರಗೆ ಒಂದು ಮರದಲ್ಲಿ ಕೆಂಪು ಇರುವೆಗಳು ಎಲೆಗಳನ್ನು ಸೇರಿಸಿ ಗೂಡು ಕಟ್ಟುತ್ತಿದ್ದುವು. ನಾಲ್ಕೈದು ಮಕ್ಕಳು ಅಲ್ಲಿಯೇ ನಿಂತುಬಿಟ್ಟರು. ಇರುವೆಗೆ ದಾರ ಎಲ್ಲಿಂದ ಎಂದು ಒಬ್ಬಳ ಸಂದೇಹ. ಈ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಒಸರುವ ರೇಷ್ಮೆಯೆಳೆಯಿಂದ ಎಲೆಯ ಅಂಚುಗಳನ್ನು ಬೆಸೆಯುತ್ತವೆ. ನಿಂತು ನೋಡಿದ್ದರೆ ಅವರೇ ಕಾಣಬಹುದಾಗಿತ್ತು. ಬಸ್ಸು ಕಾಯುತ್ತಿದೆಯೆಂದು ನಾವು ಗದರಿಸಿ ಕರೆತಂದೆವು. ‘ಬಾಲಪ್ರಪಂಚ’ ಬರೆದವರ ಅಂಗಳದಲ್ಲಿ!

ಇನ್ನು ನಮ್ಮ ಸಂಘದವರಿಗೆ ರುಚಿಸದಿರಬಹುದಾದ ಮಾತು. 1956ರ ನವೆಂಬರ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರ ಪ್ರತಿಯೊಂದು ಕಾರ್ಯದ ಹಿಂದೆಯೂ ಒಂದು ಭಯವಿದೆ. ಆ ಭಯ ನಿರಾಧಾರವಾದುದೆಂದು ಕನ್ನಡ ಮಾಧ್ಯಮದ ಒಂದನೆಯ ತರಗತಿಯ ಬೆಂಚುಗಳನ್ನು ದಿನವೂ ನೋಡುವ ನಾವು ಹೇಳಲಾರೆವು. ಆದರೆ ಭಯದಿಂದ ಮಾಡಿದ ಶಿಬಿರದಲ್ಲಿ ಮಗು ಸಾಧನವಾಗುತ್ತದೆ, ಭಾಷೆ ಸಾಧ್ಯವಾಗುತ್ತದೆ. ಶಿಬಿರದಲ್ಲಿ ಕನ್ನಡವಲ್ಲದೆ ಬೇರೆ ನುಡಿ ಆಡಕೂಡದೆಂದು ನಿಯಮ ಮಾಡಿದ್ದೆವು. ತಪ್ಪಿದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಿದ್ದೆವು. ಪರಿಣಾಮವಾಗಿ ಮಕ್ಕಳ ಬಾಯಲ್ಲಿ ಕನ್ನಡ ಹೆಚ್ಚಲಿಲ್ಲ, ಮೌನ ಹೆಚ್ಚಿತು. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ಊರು ನಮ್ಮದು. ಎಳೆಯ ಹಲಸಿನಕಾಯಿಗೆ ತುಳುವಿನ ಮಗು ಗುಜ್ಜೆ ಎನ್ನುತ್ತದೆ, ಕೊಂಕಣಿಯ ಮಗು ಕಡ್ಗಿ ಎನ್ನುತ್ತದೆ, ಮಲಯಾಳದ ಮಗು ಇಡಿಚ್ಚಕ್ಕ ಎನ್ನುತ್ತದೆ. ಈ ಸಿರಿಯನ್ನು ಹಲಗೆಯ ಮೇಲೆ ತಪ್ಪಿನ ಪಟ್ಟಿಯಾಗಿ ಬರೆದವರು ನಾವು.

ಚೆನ್ನೆಮಣೆಯ ಬಳಿ ಈ ನಿಯಮ ಯಾರಿಗೂ ನೆನಪಿರಲಿಲ್ಲ. ಮಂಜಾಡಿಯೆಂದ ಆ ಹುಡುಗಿಗೆ ಕನ್ನಡ ತೊಡಕು. ಇದಿರಾಳಿಗೆ ಮಲಯಾಳ ಬಾರದು. ಅವನು ಒಂದು ಕಾಳನ್ನು ಕದ್ದನೆಂದು ಅವಳ ಆಕ್ಷೇಪ. ಆಕ್ಷೇಪಿಸಬೇಕಾದರೆ ಅವನಿಗೆ ತಿಳಿಯುವ ಮಾತೇ ಬೇಕಷ್ಟೆ. ಅವಳು ಆಡಿದ ಕನ್ನಡದಲ್ಲಿ ವಿಭಕ್ತಿಗಳು ಸ್ಥಾನ ತಪ್ಪಿದ್ದುವು. ಆದರೆ ಅಷ್ಟುದ್ದದ ಕನ್ನಡವನ್ನು ಅವಳ ಬಾಯಿಂದ ತರಗತಿಯಲ್ಲಿ ನಾವು ಎಂದೂ ಕೇಳಿರಲಿಲ್ಲ. ಕನ್ನಡ ಅಲ್ಲಿ ಅವಳಿಗೆ ಬೇಕಾಗಿತ್ತು. ಬೇರೆ ಯಾವುದಕ್ಕೋ ಬೇಕಾದಾಗ ಭಾಷೆ ಬರುತ್ತದೆ. ಭಾಷೆಗಾಗಿಯೇ ಕರೆದರೆ ಅದು ಬಾಗಿಲಲ್ಲಿ ನಾಚಿ ನಿಲ್ಲುತ್ತದೆ.

ನೆರೆಯವರು ಮಾಡಿದುದನ್ನು ನೋಡಿ ಕಲಿಯುವುದರಲ್ಲಿ ಅಪಮಾನವಿಲ್ಲ. 1962ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು 1970ರಿಂದ ಮಕ್ಕಳಿಗಾಗಿ ‘ಯುರೇಕಾ’ ಎಂಬ ಪತ್ರಿಕೆಯನ್ನು ಹೊರಡಿಸುತ್ತ ಬಂದಿದೆ. ಬಾಲವೇದಿಗಳೆಂಬ ಮಕ್ಕಳ ಕೂಟಗಳನ್ನೂ ಕಟ್ಟಿತು. ನಮ್ಮ ಊರಿನ ಗ್ರಂಥಾಲಯಕ್ಕೆ ‘ಯುರೇಕಾ’ ಬರುತ್ತದೆ. ಮಲಯಾಳ ಓದಬಲ್ಲ ನಮ್ಮ ಮಕ್ಕಳು ಅದನ್ನು ಓದುತ್ತಾರೆ, ಓದಲಿ. ಆ ಕಪಾಟಿನಲ್ಲಿ ಎಳೆಯರಿಗೆ ತಕ್ಕ ಕನ್ನಡ ಪತ್ರಿಕೆ ಒಂದೂ ಇಲ್ಲ. ಕನ್ನಡದಲ್ಲಿ ಅಂಥವು ಇಲ್ಲವೆಂದಲ್ಲ, ತರಿಸಿದವರಿಲ್ಲ. ಗ್ರಂಥಾಲಯದವರನ್ನು ದೂರುವುದಕ್ಕೆ ಮುಂಚೆ ಸಂಘದ ಲೆಕ್ಕವನ್ನು ನೋಡಿದೆವು. ಈ ವರ್ಷ ಸಮಾರೋಪದ ದಿನದ ಶಾಮಿಯಾನ, ದೀಪ, ಧ್ವನಿವರ್ಧಕಗಳಿಗೆ ಆದ ವೆಚ್ಚದಲ್ಲಿ ಅಂಥ ಎರಡು ಮೂರು ಪತ್ರಿಕೆಗಳನ್ನು ಹಲವು ವರ್ಷ ತರಿಸಬಹುದಾಗಿತ್ತು.

ಶಿಬಿರ ಮುಗಿದ ಮೇಲಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾವು ಒಂದು ಸೂಚನೆಯನ್ನು ಮುಂದಿಟ್ಟೆವು. ಮುಂದಿನ ವರ್ಷ ಸಮಾರೋಪ ಬೇಡ. ನಾಟಕವಿರಲಿ, ಪ್ರದರ್ಶನ ಬೇಡ. ದಿನಚರಿಯಲ್ಲಿ ಅರ್ಧ ಹೊತ್ತನ್ನು ಬರಿದಾಗಿ ಬಿಡೋಣ. ಚೆನ್ನೆಮಣೆ, ಗರಿಯ ಪೀಪಿ ಮಾಡುವ ತೆಂಗಿನ ಓಲೆ, ಎಳೆದಾಡಲು ಅಡಿಕೆಯ ಹಾಳೆ ಇವನ್ನು ಜಗಲಿಯ ಮೇಲೆ ಇಟ್ಟು ನಾವು ದೂರ ಕುಳಿತುಕೊಳ್ಳೋಣ. ಹಿರಿಯ ಸದಸ್ಯರೊಬ್ಬರು ಸಾವಧಾನವಾಗಿ ಕೇಳಿ, “ಎಲ್ಲ ಸರಿ ಮಾಷ್ಟ್ರೇ, ಆದರೆ ಸಮಾರೋಪ ಇಲ್ಲದಿದ್ದರೆ ಚಂದಾ ಕೊಡುವವರು ಯಾರು? ಮಗು ವೇದಿಕೆ ಹತ್ತದಿದ್ದರೆ ತಂದೆತಾಯಿಗಳು ಮುಂದಿನ ವರ್ಷ ಕಳಿಸುತ್ತಾರೆಯೇ? ಕಳಿಸದಿದ್ದರೆ ಈ ಹತ್ತು ದಿನದ ಕನ್ನಡವೂ ಹೋಗುವುದಿಲ್ಲವೇ?” ಎಂದರು. ಅವರು ನಿಂದಿಸಲು ಕೇಳಿದುದಲ್ಲ. ಇಪ್ಪತ್ತು ವರ್ಷ ಮನೆಮನೆಗೆ ನಡೆದು ಚಂದಾ ಎತ್ತಿದವರು. ನಮ್ಮಲ್ಲಿ ಉತ್ತರವಿರಲಿಲ್ಲ. ಸೂಚನೆಯನ್ನು ಮಹಾಸಭೆಗೆ ಬಿಡಲಾಗಿದೆ. ವಾಚಕರಲ್ಲಿ ಯಾರಿಗಾದರೂ ಉತ್ತರ ತೋಚಿದರೆ, ಅಷ್ಟರೊಳಗೆ ಸಂಪಾದಕರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.

ಚೆನ್ನೆಮಣೆಯನ್ನು ಆ ಹೆಂಗಸು ಹಿಂದಕ್ಕೆ ಒಯ್ಯಲಿಲ್ಲ. ಅದು ಈಗ ನಮ್ಮ ಶಾಲೆಯ ಜಗಲಿಯಲ್ಲಿದೆ. ಕಾಳುಗಳಲ್ಲಿ ಐದು ಕಾಣೆಯಾಗಿವೆ. ಆ ಐದರ ಬದಲಿಗೆ ಯಾರೋ ಹುಣಸೆಬೀಜ ಹಾಕಿದ್ದಾರೆ. ಯಾರೆಂದು ನಾವು ಕೇಳಿಲ್ಲ.